ಹೂವು ಬಲಕ್ಕೆ ಬಿದ್ದ ಕಲ್ಲು

ಹಿಮ್ಮಡಿಗೆ ಪ್ಲಾಸ್ಟರ್ ಅಂಟಿಸಿಕೊಳ್ಳುತ್ತ ಕುಳಿತಿದ್ದೇನೆ. ಈಗ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ಪಟ್ಟಿಯಲ್ಲ. ಸುರುಳಿ ಸುತ್ತಿದ, ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಹಳೆಯ ಬಿಳಿ ಪ್ಲಾಸ್ಟರ್. ನಮ್ಮ ಮನೆಯಲ್ಲಿ ಇದು ಸಕ್ಕರೆ, ಉಪ್ಪಿನ ಹಾಗೆ ಸದಾ ಇರುತ್ತದೆ. ಹಾಗಂತ ನಮ್ಮ ಮನೆಯವರೆಲ್ಲ ದಿನಾ ಬಿದ್ದು ಮೈಕೈ ತರಚಿಕೊಳ್ಳುತ್ತಾರೆ ಎಂದುಕೊಳ್ಳಬೇಡಿ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬ, ಹುರಿಹಿಟ್ಟಿನ ಡಬ್ಬ, ಎಲ್ಲದರ ಮೇಲೂ ಒಂದೊಂದು ತುಂಡು ಪ್ಲಾಸ್ಟರ್ ಅಂಟಿಸಿ, ಬಾಲ್ ಪೆನ್ನಿನಲ್ಲಿ ಹೆಸರು, ತಾರೀಖು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಇವಳು ನಿದ್ದೆ ಹೋದಮೇಲೆ ನಾನು ಮಲಗುವುದು ಕ್ಷೇಮ, ಮೊದಲೇ ಮಲಗಿದರೆ ಹಣೆಗೂ ಒಂದು ಅಂಟಿಸಿಬಿಡುತ್ತಾಳೆ ಎಂದು ನಮ್ಮ ಯಜಮಾನರು ನೆಂಟರೆದುರು ಹೇಳಿಕೊಂಡು ನಗುತ್ತಾರೆ. ಇಪ್ಪತ್ತೈದು ವರ್ಷದಿಂದ ಅದೇ ಮಾತು. ಅವರಿಗೂ ಬೇಸರವಾಗಿಲ್ಲ, ನೆಂಟರಿಗೂ ಬೇಸರವಾಗಿಲ್ಲ, ನನಗೆ ಮಾತ್ರ ಆಗಿದೆ.

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ಉತ್ತರ ಹೇಳುವುದಕ್ಕೆ ಮೊದಲೇ ಸುಸ್ತಾಗುತ್ತದೆ. ದೊಡ್ಡಬಳ್ಳಾಪುರದ ಅಂಚಿನಲ್ಲಿ ಒಂದು ತಗಡಿನ ಷೆಡ್ಡು. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ. ಊರಿನವರ ಬಾಯಲ್ಲಿ ಅದು ಕಲ್ಲಾಫೀಸು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ನಮ್ಮ ದೊಡ್ಡಬಳ್ಳಾಪುರ, ಈ ನಾಲ್ಕು ತಾಲ್ಲೂಕುಗಳ ಬಂಡೆಗಳಿಂದ ಒಡೆದು ತಂದ ಮುಷ್ಟಿಗಾತ್ರದ ಕಲ್ಲುಗಳು ಮರದ ತಟ್ಟೆಗಳಲ್ಲಿ ಸಾಲಾಗಿ ಕುಳಿತಿವೆ. ಪ್ರತಿ ಕಲ್ಲಿನ ಮೇಲೂ ಬೊಟ್ಟಿನಷ್ಟು ಬಿಳಿ ಬಣ್ಣ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಒಂದು ನಂಬರು. ಆ ನಂಬರಿಗೆ ರಿಜಿಸ್ಟರಿನಲ್ಲಿ ಒಂದು ಸಾಲು: ಯಾವ ಊರು, ಯಾವ ಹೊಲದ ಪಕ್ಕ, ನೋಡಲು ಹೇಗಿದೆ. ಮುಂದೆಂದೋ ಯಾರಾದರೂ ಖನಿಜ ಹುಡುಕಿಕೊಂಡು ಹೊರಟರೆ ಮೊದಲು ಇಲ್ಲಿ ಬಂದು ಈ ಕಲ್ಲುಗಳನ್ನು ನೋಡಬೇಕು, ಎಲ್ಲಿಗೆ ಹೋಗಬೇಕು ಎಂದು ತಿಳಿದುಕೊಂಡು ಹೋಗಬೇಕು. ಅವರ ಕಾಲಿಗೆ ಶ್ರಮ ಕಡಿಮೆಯಾಗಲಿ ಎಂದು ನಾನು ಇಲ್ಲಿ ನಿಂತು ನಿಂತು ನನ್ನ ಕಾಲು ಕಳೆದುಕೊಂಡಿದ್ದೇನೆ. ನಂಬರು ಬರೆಯುವುದು, ಧೂಳು ಒರೆಸುವುದು, ಕೇಳಿದವರಿಗೆ ತೆಗೆದುಕೊಟ್ಟು ಮತ್ತೆ ಅದೇ ಜಾಗದಲ್ಲಿಡುವುದು. ಇಷ್ಟೇ ನನ್ನ ಕೆಲಸ.

ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಇದನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು, ಕಲ್ಲನ್ನು ಕದಿಯುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಕಾಯುವುದು ಏಕೆ ಎಂದರು. ಅದಕ್ಕೆ ಉತ್ತರ ಹೊಳೆಯಲು ನನಗೆ ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಕೇಳಿದವರೇ ಹೋಗಿಬಿಟ್ಟರು.

ಕದಿಯುವವರಿಲ್ಲ, ತರುವವರಿದ್ದಾರೆ. ಮಾಕಳಿದುರ್ಗ ಹತ್ತಲು ಬರುವ ಬೆಂಗಳೂರಿನ ಹುಡುಗರು ದಾರಿಯಲ್ಲಿ ಹೊಳೆಯುವ ಕಲ್ಲೇನಾದರೂ ಸಿಕ್ಕಿದರೆ ಬೈಕು ನಿಲ್ಲಿಸಿ ಒಳಗೆ ಬರುತ್ತಾರೆ. ಆಂಟಿ, ಇದು ಡೈಮಂಡಾ ಎನ್ನುತ್ತಾರೆ. ಅಲ್ಲಪ್ಪ, ಬೆಣಚುಕಲ್ಲು ಎಂದರೆ ನಾನೇ ಅವರ ವಜ್ರವನ್ನು ಬಚ್ಚಿಟ್ಟುಕೊಂಡ ಹಾಗೆ ನೋಡುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಬೆಟ್ಟದ ಕಡೆ ಕೈ ಬೀಸುತ್ತಾರೆ. ಅವರು ಬಿಟ್ಟುಹೋದ ಕಲ್ಲುಗಳಿಂದ ಷೆಡ್ಡಿನ ಬಾಗಿಲಲ್ಲಿ ಒಂದು ಮೆಟ್ಟಿಲೇ ಆಗಿದೆ. ಊರು ಗೊತ್ತಿಲ್ಲದ ಕಲ್ಲನ್ನು ಒಳಗೆ ಇಡುವ ಹಾಗಿಲ್ಲ.

ಈ ಕೆಲಸಕ್ಕೆ ನಾನು ಬಂದದ್ದೂ ಒಂದು ವಿಚಿತ್ರ. ನಮ್ಮದು ನೇಯ್ಗೆಯವರ ಮನೆ. ಹಜಾರದಲ್ಲಿ ಎರಡು ಪವರ್‌ಲೂಮು, ಹಿಂದೆ ಅಡಿಗೆಮನೆ, ನಡುವೆ ನಾವು. ಮಗ್ಗದ ಸದ್ದಿಗೆ ಗಂಟಲೆತ್ತಿ ಮಾತಾಡಿಯೇ ಬೆಳೆದವಳು ನಾನು. ಈಗಲೂ ಗುಟ್ಟು ಹೇಳಿದರೆ ಬೀದಿಗೆ ಕೇಳುತ್ತದೆ. ಆ ಸದ್ದಿನಲ್ಲಿ ಮಾತಿಲ್ಲದೆ ಆಡಬಹುದಾದ ಆಟ ಒಂದೇ, ಕಲ್ಲಾಟ. ಐದು ಕಲ್ಲು, ಒಂದನ್ನು ಮೇಲಕ್ಕೆಸೆದು ಉಳಿದದ್ದನ್ನು ಬಾಚುವುದು. ನನ್ನ ಐದೂ ಕಲ್ಲುಗಳನ್ನು ಕಣ್ಣುಮುಚ್ಚಿ ಬೆರಳಲ್ಲೇ ಗುರುತಿಸುತ್ತಿದ್ದೆ. ಒಂದಕ್ಕೆ ಮೂಗಿತ್ತು, ಒಂದು ಸ್ವಲ್ಪ ಜಾರು, ಒಂದರ ಬೆನ್ನಿನಲ್ಲಿ ಉಗುರು ಸಿಕ್ಕುವಷ್ಟು ಗೀರು. ಪಕ್ಕದ ಮನೆಯ ಹುಡುಗಿ ಒಮ್ಮೆ ತನ್ನ ಕಲ್ಲನ್ನು ಸೇರಿಸಿ ಮೋಸ ಮಾಡಲು ಬಂದಾಗ ಕಣ್ಣು ತೆರೆಯದೆ ಹಿಡಿದುಕೊಟ್ಟೆ. ಅಂದಿನಿಂದ ಕಲ್ಲಿನ ವಿಷಯದಲ್ಲಿ ನನಗೆ ಮರೆವೇ ಇಲ್ಲವೆಂಬ ಒಂದು ಜಂಬ ತಲೆಗೇರಿತು. ಆ ಜಂಬ ಇಳಿಯಲು ನಾನು ಕಲ್ಲಾಫೀಸಿಗೇ ಬರಬೇಕಾಯಿತು.

ಆಗ ಅಲ್ಲಿದ್ದ ಭೂವಿಜ್ಞಾನಿ ನಂಜುಂಡಯ್ಯನವರು. ದಪ್ಪ ಕನ್ನಡಕ, ಹೆಗಲಿಗೆ ಚೀಲ, ಸೊಂಟಕ್ಕೆ ಸುತ್ತಿಗೆ. ಜೀಪು ಇದ್ದರೂ ನಡೆಯುವುದೇ ಹೆಚ್ಚು. ಜೀಪಿನಲ್ಲಿ ಕೂತವನಿಗೆ ರಸ್ತೆ ಮಾತ್ರ ಕಾಣುತ್ತದೆ ಎನ್ನುತ್ತಿದ್ದರು. ಕಲ್ಲು ಒಡೆದ ಕೂಡಲೇ ಅದಕ್ಕೊಂದು ತುಂಡು ಪ್ಲಾಸ್ಟರ್ ಅಂಟಿಸಿ ಬಾಲ್ ಪೆನ್ನಿನಲ್ಲಿ ನಂಬರು ಬರೆದು ಚೀಲಕ್ಕೆ ಹಾಕುತ್ತಿದ್ದರು. ಆಮೇಲೆ ಷೆಡ್ಡಿನಲ್ಲಿ ನಾನು ಪ್ಲಾಸ್ಟರ್ ಕಿತ್ತು, ಬಿಳಿ ಬೊಟ್ಟು ಹಚ್ಚಿ, ಕಾಯಂ ನಂಬರು ಬರೆಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನಗೆ ಹೇಳಿದ್ದು ಒಂದೇ ಮಾತು. "ನೋಡಮ್ಮ, ಊರು ಗೊತ್ತಿದ್ರೆ ಇದು ಕಲ್ಲು. ಗೊತ್ತಿಲ್ದಿದ್ರೆ ಜಲ್ಲಿ."

ನಾನು ಸೇರಿ ಆರು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಯುಧಪೂಜೆ ಬಂತು. ನೇಯ್ಗೆಯವರ ಮನೆಯಲ್ಲಿ ಆಯುಧಪೂಜೆ ಎಂದರೇನೆಂದು ನಿಮಗೆ ಹೇಳಬೇಕು. ವರ್ಷಪೂರ್ತಿ ಮಗ್ಗದ ಸಂದುಗಳಲ್ಲಿ ತುಂಬಿದ ನೂಲಿನ ಧೂಳು, ಎಣ್ಣೆಜಿಡ್ಡು ಎಲ್ಲವನ್ನೂ ಕೆರೆದು, ಒರೆಸಿ, ಲಾಳಿಗಳನ್ನು ತೊಳೆದು ಒಣಗಿಸುವವರೆಗೆ ಅಮ್ಮ ನಮಗೆ ಊಟ ಹಾಕುತ್ತಿರಲಿಲ್ಲ. ಕೊಳೆ ಇರುವ ಸಾಮಾನಿಗೆ ಕುಂಕುಮ ಇಟ್ಟರೆ ಅದು ಪೂಜೆಯಲ್ಲ, ಅಪಚಾರ ಎಂಬುದು ಅವಳ ಖಚಿತ ಅಭಿಪ್ರಾಯ. ಕಲ್ಲಾಫೀಸಿನಲ್ಲೂ ಪೂಜೆ ಇಟ್ಟುಕೊಂಡಿದ್ದರು. ಸುತ್ತಿಗೆ, ಕಲ್ಲು ಕತ್ತರಿಸುವ ಯಂತ್ರ, ಟೈಪ್‌ರೈಟರ್, ಜೀಪು ಎಲ್ಲಕ್ಕೂ ಕುಂಕುಮ. ನಂಜುಂಡಯ್ಯನವರು ಹಬ್ಬಕ್ಕೆ ತಮ್ಮ ಊರಿಗೆ ಹೋಗಿದ್ದರು. ಹೋಗುವ ಮೊದಲು ತಾವು ತಂದ ಇಪ್ಪತ್ತಮೂರು ಕಲ್ಲುಗಳನ್ನು ನನ್ನ ಮೇಜಿನ ಮೇಲಿಟ್ಟಿದ್ದರು. ಮಣ್ಣು ಮೆತ್ತಿದ್ದ ಕಲ್ಲುಗಳು. ಅವುಗಳಿಗೆ ಹಾಗೆಯೇ ಕುಂಕುಮ ಇಡಲು ನಾನು ನಮ್ಮಮ್ಮನ ಮಗಳಾಗಿ ಒಪ್ಪಲಿಲ್ಲ.

ದೊಡ್ಡ ಬಕೆಟ್ಟಿಗೆ ಬಿಸಿನೀರು ಸುರಿದು, ಎರಡು ಹಿಡಿ ಸೋಡಾಪುಡಿ ಹಾಕಿ, ಇಪ್ಪತ್ತಮೂರನ್ನೂ ಅದರಲ್ಲಿ ನೆನೆಹಾಕಿ, ಬಾಗಿಲಿಗೆ ಮಾವಿನ ತೋರಣ ಕಟ್ಟಲು ಹೋದೆ. ಬಂದು ನೋಡಿದರೆ ಬಕೆಟ್ಟಿನ ಮೇಲೆ ಇಪ್ಪತ್ತಮೂರು ಪ್ಲಾಸ್ಟರ್ ತುಂಡುಗಳು ತೇಲುತ್ತಿದ್ದವು.

ಯಾವ ತುಂಡು ಯಾವ ಕಲ್ಲಿನದೆಂದು ಹೇಳುವ ಗುರುತೇ ಉಳಿದಿರಲಿಲ್ಲ. ಆದರೂ ಹೇಳಿದೆನಲ್ಲ, ಜಂಬ. ಕಲ್ಲುಗಳನ್ನು ಸೀರೆಯ ಸೆರಗಿನಲ್ಲೇ ಒರೆಸಿ ಸಾಲಾಗಿಟ್ಟೆ. ರಿಜಿಸ್ಟರಿನಲ್ಲಿ ನಂಜುಂಡಯ್ಯನವರು ಬರೆದ ವಿವರಗಳನ್ನು ಓದುತ್ತ, ಮೇಜಿನ ಮೇಲೆ ಅವು ಇದ್ದ ಕ್ರಮ ನೆನೆಸಿಕೊಳ್ಳುತ್ತ, ಒಂದೊಂದಾಗಿ ಜೋಡಿಸಿದೆ. ಇಪ್ಪತ್ತೊಂದು ಸರಿಹೋದವು. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಎರಡು ಉಳಿದವು. ಎರಡೂ ಹಾಲಿನಂಥ ಬಿಳಿ ಕಲ್ಲು, ಎರಡರಲ್ಲೂ ಅಭ್ರಕದ ಹೊಳೆಯುವ ಪದರ. ನೂರಾ ಹನ್ನೆರಡು, ಕುಂದಾಣದ ಹತ್ತಿರ. ನೂರಾ ಹತ್ತೊಂಬತ್ತು, ದೊಡ್ಡಬೆಳವಂಗಲದ ಹತ್ತಿರ. ವಿವರದ ಜಾಗದಲ್ಲಿ ಎರಡಕ್ಕೂ ಒಂದೇ ಮಾತು: ಬಿಳಿ, ಅಭ್ರಕವಿದೆ. ಕಣ್ಣುಮುಚ್ಚಿ ಸವರಿದೆ. ಕಣ್ಣುಬಿಟ್ಟು ದಿಟ್ಟಿಸಿದೆ. ಬೆರಳು ಏನನ್ನೂ ಹೇಳಲಿಲ್ಲ.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲಿ ಹೊಸ ಮಗ್ಗ ತರುವುದಾಗಲಿ, ಹೆಣ್ಣು ಕೊಡುವುದಾಗಲಿ, ತೀರ್ಮಾನ ತೋಚದಿದ್ದರೆ ದೇವರ ಮುಂದೆ ಹೂವು ಕೇಳುತ್ತಿದ್ದರು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಪೂಜೆಗೆ ತಂದ ಸೇವಂತಿಗೆ ಅಲ್ಲೇ ಇತ್ತು. ಒಂದು ಕಲ್ಲಿನ ನೆತ್ತಿಯ ಮೇಲೆ ಹೂವಿಟ್ಟು, ಕೈಮುಗಿದು, ನೀನು ಕುಂದಾಣದವನಾಗಿದ್ದರೆ ಬಲಗಡೆ ಕೊಡು ಎಂದೆ. ಅದೇ ಹೊತ್ತಿಗೆ ಹೊರಗೆ ಡ್ರೈವರು ನಿಂಬೆಹಣ್ಣಿನ ಮೇಲೆ ಹತ್ತಿಸಲು ಜೀಪು ಸ್ಟಾರ್ಟ್ ಮಾಡಿದ. ತಗಡಿನ ಷೆಡ್ಡು ಗಡಗಡ ಅದುರಿತು. ಹೂವು ಬಲಕ್ಕೆ ಬಿತ್ತು. ನಾನು ಕಣ್ಣಿಗೊತ್ತಿಕೊಂಡು ಆ ಕಲ್ಲಿನ ಮೇಲೆ ನೂರಾ ಹನ್ನೆರಡು ಎಂದು ಮುದ್ದಾಗಿ ಬರೆದೆ.

ಹಬ್ಬ ಮುಗಿಸಿ ಬಂದ ನಂಜುಂಡಯ್ಯನವರು ಥಳಥಳ ಹೊಳೆಯುತ್ತಿದ್ದ ಕಲ್ಲುಗಳನ್ನು ನೋಡಿ, ಏನಮ್ಮ, ಎಣ್ಣೆಸ್ನಾನ ಮಾಡಿಸಿಬಿಟ್ಟಿದ್ದೀಯ ಎಂದು ನಕ್ಕರು. ನಂಬರು ಬರೆದ ಅಚ್ಚುಕಟ್ಟನ್ನು ಎಲ್ಲರೆದುರು ಹೊಗಳಿದರು. ಆ ಎರಡು ಕಲ್ಲನ್ನು ಅವರ ಕೈಗಿಟ್ಟು ಯಾವುದು ಎಲ್ಲಿಯದು ಎಂದು ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದರು. ಅವರು ಒಡೆದದ್ದು, ಅವರು ಹೊತ್ತದ್ದು. ಬಾಯಿ ತೆರೆದರೆ ಕೆಲಸ ಹೋಗುತ್ತದೆಂಬ ಭಯ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಅವರು ನಿವೃತ್ತರಾಗುವವರೆಗೆ ಬರಲಿಲ್ಲ. ಆಮೇಲೆ ಅವರೇ ತೀರಿಕೊಂಡರು. ಅಂದು ನಾನು ಅವರ ಮನೆಯವರಿಗಿಂತ ಹೆಚ್ಚು ಅತ್ತೆ. ನೋಡಿದವರು ಎಂಥ ಗುರುಭಕ್ತಿ ಎಂದರು.

ನೀವು ನಂಬುತ್ತೀರೋ ಇಲ್ಲವೋ, ಇಪ್ಪತ್ತೇಳು ವರ್ಷ ನಾನು ಆ ಎರಡು ತಟ್ಟೆಗಳ ಧೂಳನ್ನು ಸರಿಯಾಗಿ ಒರೆಸಲಿಲ್ಲ. ಪಕ್ಕದ ಕಲ್ಲುಗಳನ್ನು ಒರೆಸುತ್ತ ಬಂದವಳು ಅಲ್ಲಿ ಮುಖ ತಿರುಗಿಸಿ ಮುಂದೆ ಹೋಗುತ್ತಿದ್ದೆ.

ಹೀಗೆ ಮುಖ ತಿರುಗಿಸಿಕೊಂಡೇ ನಿವೃತ್ತಿಯವರೆಗೆ ಬಂದುಬಿಟ್ಟಿದ್ದೆ. ಯುಗಾದಿ ಕಳೆದರೆ ಮನೆ. ಅಷ್ಟರಲ್ಲಿ ನಿವೇದಿತಾ ಬಂದಳು. ಹೊಸಕೋಟೆಯ ಹುಡುಗಿ, ಹೊಸ ಭೂವಿಜ್ಞಾನಿ. ಪ್ರತಿ ಕಲ್ಲಿನ ಫೋಟೋ ತೆಗೆದು, ಊರು, ಜಾಗ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ಇನ್ನು ಮುಂದೆ ಯಾರೂ ನನ್ನ ರಿಜಿಸ್ಟರು ತೆರೆಯಬೇಕಾಗಿಲ್ಲ. ನನ್ನ ಕೈಬರಹ ನೋಡಿ, ಅಕ್ಕ, ನಿಮ್ಮ ನಂಬರು ಅಚ್ಚು ಹಾಕಿದಂಗಿದೆ, ಕಣ್ಮುಚ್ಕೊಂಡು ನಂಬಬಹುದು ಎಂದಳು. ನಾನು ಚಹಾ ತರುತ್ತೇನೆಂದು ಎದ್ದುಹೋದೆ.

ನಡುನಡುವೆ ಕೆಲವು ಕಲ್ಲುಗಳ ಚೂರನ್ನು ಅವಳು ಪರೀಕ್ಷೆಗೆ ಕಳಿಸುತ್ತಿದ್ದಳು. ಅದರಲ್ಲಿ ನೂರಾ ಹನ್ನೆರಡೂ ಇತ್ತು. ಒಂದು ದಿನ ಕುಣಿದುಕೊಂಡು ಬಂದಳು. ಬ್ಯಾಟರಿಗೆ ಬೇಕಾದ ಯಾವುದೋ ಲೋಹದ ಸುಳಿವು ಆ ಕಲ್ಲಿನಲ್ಲಿ ಇದೆಯಂತೆ. ಸುಳಿವಷ್ಟೇ, ಆದರೂ ಹೋಗಿ ನೋಡಬೇಕು ಎಂದು ಮರುದಿನವೇ ಕುಂದಾಣಕ್ಕೆ ಹೊರಟಳು. ನಾನು ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. ಆ ಮೂರು ದಿನ ನನಗೆ ಊಟ ಸೇರಲಿಲ್ಲ. ಯಜಮಾನರು ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಮಾಡಿಕೊಟ್ಟರು.

ಮೂರು ದಿನ ಅಲೆದು, ಬಿಸಿಲಿಗೆ ಕಪ್ಪಾಗಿ ವಾಪಸು ಬಂದಳು. "ಅಲ್ಲಿ ಬಂಡೇನೇ ಇಲ್ಲ ಅಕ್ಕ. ಲೇಔಟ್ ಮಾಡ್ಬಿಟ್ಟಿದ್ದಾರೆ. ಸಿಡಿಸಿ, ಜಲ್ಲಿ ಮಾಡಿ, ಅದರ ಮೇಲೇ ರಸ್ತೆ ಹಾಕಿದ್ದಾರೆ" ಎಂದಳು. ಫೈಲು ಮುಚ್ಚುವುದೊಂದೇ ಉಳಿದ ದಾರಿ.

ಎಂಥ ಹಗುರವಾಯಿತು ಗೊತ್ತೇ ನನಗೆ? ಬಂಡೆಯೇ ಹೋದಮೇಲೆ ಹೋಲಿಸಿ ನೋಡುವವರು ಯಾರು? ಬೇರೆಯವರ ಲೇಔಟು ನನ್ನ ತಪ್ಪಿನ ಮೇಲೆ ಟಾರು ಹಾಕಿಬಿಟ್ಟಿತ್ತು. ಇನ್ನು ಬಾಯಿ ಮುಚ್ಚಿಕೊಂಡು ಯುಗಾದಿ ದಾಟಿದರೆ ಸಾಕು.

ಆದರೆ ಆ ಹುಡುಗಿ ಸುಮ್ಮನಿರಲಿಲ್ಲ. ಎಲ್ಲಿಂದಲೋ ಒಂದು ಪುಟ್ಟ ಡಬ್ಬ ತಂದಳು. ಒಳಗೆ ಹತ್ತಿ ಹಾಸಿದಳು. ನೂರಾ ಹನ್ನೆರಡನ್ನು ಮಗುವನ್ನು ಮಲಗಿಸುವ ಹಾಗೆ ಅದರಲ್ಲಿಟ್ಟಳು. ಮೇಲೆ ಒಂದು ಚೀಟಿ: ಈ ಬಂಡೆ ಈಗಿಲ್ಲ, ಉಳಿದಿರುವುದು ಈ ತುಂಡು ಮಾತ್ರ. ಬರೆದು ನನ್ನ ಕಡೆ ನೋಡಿ, ಸರಿಯಾಗಿದೆಯಾ ಅಕ್ಕ ಎಂದಳು. ಇನ್ನೊಂದು ಕಲ್ಲು, ನೂರಾ ಹತ್ತೊಂಬತ್ತು, ಕೆಳಗಿನ ತಟ್ಟೆಯಲ್ಲಿ ಧೂಳು ಹೊತ್ತು ಕುಳಿತಿತ್ತು. ನನಗೆ ನಿಜವಾಗಿ ಸಾಕಾಗಿಹೋಯಿತು. ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಪ್ಪತ್ತೇಳು ವರ್ಷ ಹೊತ್ತು ದಣಿವಾಗಿತ್ತು, ಅಷ್ಟೇ.

"ಅದು ಕುಂದಾಣದ್ದು ಅಂತ ನನಗೆ ಗೊತ್ತಿಲ್ಲ ಕಣಮ್ಮ" ಎಂದೆ.

"ನಂಬರು ಬರ್ದಿರೋದು ನೀವೇ ಅಲ್ವಾ?"

"ನಾನೇ. ಹೂವು ಕೇಳಿ ಬರ್ದೆ."

ಎಲ್ಲ ಹೇಳಿದೆ. ಸೋಡಾಪುಡಿ, ಸೇವಂತಿಗೆ, ಜೀಪು, ಒಂದನ್ನೂ ಬಿಡಲಿಲ್ಲ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ಟೂಲಿನ ಮೇಲೆ ಕುಳಿತು ತಟ್ಟೆಗಳ ಸಾಲನ್ನು ನೋಡಿದಳು. ಆಮೇಲೆ ಕೇಳಿದಳು, "ಮಿಕ್ಕಿದ್ದು?"

ಮಿಕ್ಕಿದ್ದೆಲ್ಲ ಸರಿಯಾಗಿದೆ ಎಂದೆ.

"ಹೆಂಗೆ ನಂಬ್ಲಿ ಅಕ್ಕ ನಾನು?"

ಅವಳು ದನಿಯನ್ನೂ ಏರಿಸಲಿಲ್ಲ. ಕೆಲಸ ಹೋಗುತ್ತದೆಂದು ಇಷ್ಟು ವರ್ಷ ಹೆದರಿದ್ದೆ. ಈ ನಂಬಿಕೆ ಹೋಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಂದು ಅವಳು ಹೇಳದೆಯೇ ಮನೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಬಂದವಳೇ ಎರಡೂ ಕಲ್ಲುಗಳನ್ನು ಚೀಲಕ್ಕೆ ಹಾಕಿ, ದೊಡ್ಡಬೆಳವಂಗಲಕ್ಕೆ ಹೋಗೋಣ, ನೀವೂ ಬನ್ನಿ ಎಂದಳು. ಅಲ್ಲಿನ ಬಂಡೆ ಉಳಿದಿದ್ದರೆ ಯಾವ ಕಲ್ಲು ಅದರದ್ದೆಂದು ತಿಳಿಯುತ್ತದೆ. ಆಗ ನನಗೆ ಹೊಳೆಯಿತು, ನಾಲ್ಕು ತಾಲ್ಲೂಕಿನ ಕಲ್ಲುಗಳಿಗೆ ಹೆಸರು ಬರೆದವಳು ಅವುಗಳಲ್ಲಿ ಒಂದರ ಊರನ್ನೂ ಕಂಡವಳಲ್ಲ. ಮನೆಯ ಚಪ್ಪಲಿಯಲ್ಲೇ ಹೊರಟೆ. ಹಿಮ್ಮಡಿಯ ಈ ಗಾಯ ಅದರ ಫಲ.

ನಂಜುಂಡಯ್ಯನವರ ಬರಹದಲ್ಲಿ ಜಾಗ ಸ್ಪಷ್ಟವಾಗಿತ್ತು: ಕೆರೆ ಏರಿ ಮುಗಿಯುವಲ್ಲಿ ಜೋಡಿ ಹುಣಸೆಮರ, ಅಲ್ಲಿಂದ ಪಶ್ಚಿಮಕ್ಕೆ ನೂರು ಹೆಜ್ಜೆ. ಜೋಡಿಯಲ್ಲಿ ಒಂದು ಮರ ಉಳಿದಿತ್ತು. ನೂರು ಹೆಜ್ಜೆಗೆ ನಾನು ಮೂರು ಸಲ ಕುಳಿತೆ. ಅವರೆ ಹೊಲದ ಬದುವಿನಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಬಂಡೆ, ಅದರ ನಡುವೆ ಬಿಳಿಯ ಪಟ್ಟೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದುಕಿ ಸೊಂಟ ಹಿಡಿದು ಎದ್ದು ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಹೇಳಿದೆವು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಭಾಳ ವರ್ಷದ ಕೆಳಗೆ ಒಬ್ರು ಬಂದಿದ್ರು, ದಪ್ಪ ಕನ್ನಡಕದೋರು. ಈ ಬಂಡೆ ಮೇಲೇ ಕೂತ್ಕಂಡು ನಮ್ಮನೆ ಮುದ್ದೆ ಉಂಡ್ರು. ಒಂದು ಚೂರು ಒಡ್ಕೊಂಡು ಹೋಗ್ಲಾ ಅಂತ ನಮ್ಮೆಜಮಾನ್ರುನ್ನ ಕೇಳಿದ್ರು. ಕಲ್ಲಿಗೆ ಯಾರಾನ ಕೇಳ್ತಾರೇನವ್ವಾ?"

ನಾನು ಆ ಬಂಡೆಯ ಮೇಲೆ ಕುಳಿತುಬಿಟ್ಟೆ. ಕಾಲು ನೋವು ಎಂದು ನಿವೇದಿತಾ ತಿಳಿದುಕೊಂಡಳು. ಕೇಳಿ, ಒಡೆದು, ಹೊತ್ತು ತಂದು ನನ್ನ ಮೇಜಿನ ಮೇಲೆ ನಂಬಿ ಇಟ್ಟು ಹೋಗಿದ್ದರು.

ಅವಳು ಬಿಳಿಯ ಪಟ್ಟೆಯಿಂದ ಹೊಸ ಚೂರು ಒಡೆದು ಭೂತಗನ್ನಡಿಯಲ್ಲಿ ನೋಡಿದಳು, ನನಗೂ ತೋರಿಸಿದಳು. ಬಿಳುಪಿನ ನಡುವೆ ಸೂಜಿಯಂಥ ಸಣ್ಣ ಕಪ್ಪು ಕಡ್ಡಿಗಳು. ನೂರಾ ಹನ್ನೆರಡನ್ನು ಹಿಡಿದಳು, ಅದರಲ್ಲೂ ಅದೇ ಕಪ್ಪು ಕಡ್ಡಿಗಳು. ನೂರಾ ಹತ್ತೊಂಬತ್ತರಲ್ಲಿ ಒಂದೂ ಇಲ್ಲ. ಹೂವು ಸುಳ್ಳು ಹೇಳಿತ್ತು. ಇಲ್ಲ, ಪಾಪ, ಅದು ಜೀಪಿಗೆ ಬಿದ್ದಿತ್ತು. ಲೋಹದ ಸುಳಿವು ಕೊಟ್ಟ ಕಲ್ಲು ಇದೇ ಬಂಡೆಯದು. ಬಂಡೆ ಇನ್ನೂ ಇದೆ, ಮುಚ್ಚಬೇಕಿದ್ದ ಫೈಲು ಮತ್ತೆ ತೆರೆಯಿತು. ನಿವೇದಿತಾ ಆ ಮುದುಕಿಯ ಕಡೆ ತಿರುಗಿ, ಅಜ್ಜಿ, ಈ ಚೂರು ತಗೊಂಡು ಹೋಗ್ಲಾ ಎಂದು ಕೇಳಿದಳು.

ನಿನ್ನೆ ಷೆಡ್ಡಿನಲ್ಲಿ ಥಿನ್ನರ್ ಹಚ್ಚಿ ಎರಡೂ ಹಳೆಯ ನಂಬರುಗಳನ್ನು ಅಳಿಸಿದೆ. ಹೊಸದಾಗಿ ಬಿಳಿ ಬೊಟ್ಟು ಇಟ್ಟೆ. ಅಂಕಿ ಮೊದಲಿನಷ್ಟು ಮುದ್ದಾಗಿ ಬರಲಿಲ್ಲ. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದೆ: ಆಯುಧಪೂಜೆಯಂದು ತೊಳೆದಾಗ ನಂಬರು ಹೋಗಿದ್ದವು. ಹೂವು ಕೇಳಿ ಬರೆದೆ. ತಪ್ಪಾಗಿತ್ತು. ಕೆಳಗೆ ಸಹಿ ಹಾಕಿದೆ. ಹೂವಿನ ಮಾತು ಬೇಡ ಅಕ್ಕ, ಓದಿದವರು ನಗುತ್ತಾರೆ ಎಂದಳು ನಿವೇದಿತಾ. ನಗಲಿ ಬಿಡು ಎಂದೆ. ಅವಳು ಮಿಕ್ಕ ಇಪ್ಪತ್ತೊಂದು ಕಲ್ಲುಗಳ ಪಟ್ಟಿ ಮಾಡಿಕೊಂಡಿದ್ದಾಳೆ. ಒಂದೊಂದರ ಊರಿಗೂ ಹೋಗಿ ನೋಡಿ ಬರುತ್ತಾಳಂತೆ. ಬೇಡ ಎನ್ನುವ ಬಾಯಿ ನನಗಿಲ್ಲ. ಗಟ್ಟಿ ಚಪ್ಪಲಿ ಕೊಂಡು ಜೊತೆಗೆ ಬರುತ್ತೇನೆ ಎಂದಿದ್ದೇನೆ.

ಕುಂದಾಣದ ಕಲ್ಲನ್ನು ಕೊನೆಗೆ ಕೈಗೆತ್ತಿಕೊಂಡೆ. ಆ ಬಂಡೆಯ ಮೇಲೂ ನಂಜುಂಡಯ್ಯನವರು ಕುಳಿತಿರಬಹುದು, ಯಾರದೋ ಮನೆಯ ಬುತ್ತಿ ಉಂಡಿರಬಹುದು, ಒಂದು ಚೂರು ಕೇಳಿ ಪಡೆದಿರಬಹುದು. ಈಗ ಆ ಬಂಡೆಯಲ್ಲಿ ಉಳಿದಿರುವುದು ನನ್ನ ಅಂಗೈಯಲ್ಲಿ ಹಿಡಿಯುವಷ್ಟು. ಅದಕ್ಕೆ ಬೇರೆ ಊರಿನ ಹೆಸರಿಟ್ಟು, ಮುಖ ತಿರುಗಿಸಿ, ಇಪ್ಪತ್ತೇಳು ವರ್ಷ ಧೂಳಿನಲ್ಲಿ ಕೂರಿಸಿದ್ದೆ. ತಪ್ಪಾಯಿತು ಎಂದೆ. ಪಕ್ಕದ ಷೆಡ್ಡಿನ ಮಗ್ಗದ ಸದ್ದಿನಲ್ಲಿ ಅದು ನಿವೇದಿತಾಗೆ ಕೇಳಿಸಿತೋ ಇಲ್ಲವೋ. ಶಾಯಿ ಒಣಗುವವರೆಗೆ ಕಲ್ಲನ್ನು ಕೆಳಗಿಡಬಾರದು, ಅಂಕಿ ಅಳಿಸಿಹೋಗುತ್ತದೆ. ಹಿಡಿದುಕೊಂಡೇ ಕುಳಿತಿದ್ದೆ.